ಕಾಣದ ಸೋರಿಕೆ



ಕಳೆದ ತಿಂಗಳು ಈ ಪುಟದಲ್ಲಿ ಮನೆಯ ಲೆಕ್ಕದ ಪುಸ್ತಕದ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಒಬ್ಬ ತಾಯಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಬಳಿ ಬಂದು, "ಸ್ವಾಮಿ, ದುಡ್ಡು ಎಲ್ಲಿ ಸೋರುತ್ತದೆ ಅಂತ ಚೆನ್ನಾಗಿ ಬರೆದಿದ್ದೀರಿ. ನಮ್ಮ ಯಜಮಾನರ ಪಿಕಪ್ಪಿನಲ್ಲಿ ನೀರು ಎಲ್ಲಿ ಸೋರುತ್ತದೆ ಅಂತಲೂ ಒಂದು ಸಲ ಬರೆಯಿರಿ. ಎಲೆಕೋಸು ತುಂಬಿಕೊಂಡು ಹೋದಾಗಲೆಲ್ಲ ದಾರಿಯಲ್ಲಿ ನಿಂತುಬಿಡುತ್ತದೆ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ನಮಗೆ ಒಳಗೆ ಸ್ವಲ್ಪ ಚುಚ್ಚಿತು. ಏಕೆಂದರೆ ಇದೇ ನೀರಿನ ವಿಷಯದಲ್ಲಿ ನಾವು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇವೆ. ಆ ಕಥೆಯನ್ನೂ ಅದರಿಂದ ಕಲಿತ ಕೆಲಸವನ್ನೂ ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇವೆ.

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿ ನಿಮಗೆಲ್ಲ ಗೊತ್ತು. 27 ಹೇರ್‌ಪಿನ್ ತಿರುವುಗಳು. ಇಳಿಯುವಾಗ ಬ್ರೇಕಿಗೆ ಪರೀಕ್ಷೆ, ಹತ್ತುವಾಗ ಎಂಜಿನ್ನಿಗೆ ಪರೀಕ್ಷೆ. 2023ರ ನವೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಹಳೆಯ ಡೀಸೆಲ್ ಕಾರಿನಲ್ಲಿ, ಡಯಾಲಿಸಿಸ್ ಮುಗಿಸಿಕೊಂಡ ಒಬ್ಬ ಅಜ್ಜನನ್ನು ಕೆಳಗಿನಿಂದ ಕರೆತರುತ್ತಿದ್ದೆವು. ಕಾರು ನಡೆಸುತ್ತಿದ್ದವನು ನಮ್ಮ ಗಾಯನ ತಂಡದಲ್ಲಿ ಹಾಡುವ ಒಬ್ಬ ಹುಡುಗ. ಬಣ್ಣಾರಿ ದಾಟಿ ಅರ್ಧಕ್ಕಿಂತ ಮೇಲೆ ಹತ್ತಿದ್ದೆವು. ಇದ್ದಕ್ಕಿದ್ದಂತೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು.

ಹುಡುಗ ತಕ್ಷಣ ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಆರಿಸಿದ. ನಾವು ಇಳಿದು, ಅವಸರದಲ್ಲಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದೆವು. ಅವನು ನಮ್ಮ ಕೈ ಹಿಡಿದು, "ಬೇಡ ಸ್ವಾಮಿ, ಸುಟ್ಟುಬಿಡುತ್ತದೆ" ಎಂದ. ಕೈ ಉಳಿಸಿದವನಿಗೆ ನಾವು ಕೊಟ್ಟದ್ದೇನು? "ಬೆಳಿಗ್ಗೆ ನೀರು ನೋಡಿದ್ದೆಯೇನಪ್ಪ? ಒಂದು ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲವಲ್ಲ!" ಎಂಬ ಗದರಿಕೆ. "ನೋಡಿದ್ದೆ ಸ್ವಾಮಿ, ಬಾಟಲಿ ತುಂಬಿತ್ತು" ಎಂದ. ನಾವು ನಂಬಲಿಲ್ಲ. ಹಿಂದಿನ ಸೀಟಿನಲ್ಲಿ ಒರಗಿದ್ದ ಅಜ್ಜ, "ಹೈದ ಹೊತ್ತಾರೆ ಬಾನೆಟ್ ಎತ್ತಿ ನೋಡ್ದ ಕನ ಸ್ವಾಮಿ, ನಾನೇ ಕಂಡೆ" ಎಂದರು. ಅದೂ ನಮ್ಮ ಕಿವಿಗೆ ಬೀಳಲಿಲ್ಲ. ಸುತ್ತಲೂ ಕಾಡು. ಆನೆ ಓಡಾಡುವ ದಾರಿ. ಹೊತ್ತು ಇಳಿಯುತ್ತಿತ್ತು. ನಿತ್ರಾಣದಲ್ಲಿದ್ದ ರೋಗಿ ಜೊತೆಗಿದ್ದರು. ನಮ್ಮ ಭಯವೆಲ್ಲ ಸಿಟ್ಟಾಗಿ ಆ ಹುಡುಗನ ಮೇಲೆ ಸುರಿಯಿತು. ಮುಕ್ಕಾಲು ಗಂಟೆ ಕಾದು, ಎಂಜಿನ್ ಆರಿದ ಮೇಲೆ, ಅವನು ಡಿಕ್ಕಿಯಲ್ಲಿಟ್ಟಿದ್ದ ಎರಡು ಕ್ಯಾನ್ ನೀರನ್ನು ನಿಧಾನವಾಗಿ ತುಂಬಿದ. ರಾತ್ರಿ ಕವಿಯುವ ಹೊತ್ತಿಗೆ ಹೇಗೋ ಮನೆ ಸೇರಿದೆವು.

ಕುಕ್ಕರಿನ ಹಾಗೆ

ಮುಂದಿನದು ತಿಳಿಯಬೇಕಾದರೆ ಈ ನೀರಿನ ಏರ್ಪಾಡು ಹೇಗಿದೆ ಎಂದು ಸ್ವಲ್ಪ ತಿಳಿಯಬೇಕು. ಎಂಜಿನ್ನಿನ ಬಿಸಿಯನ್ನು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುವುದು ಕೂಲಂಟಿನ ಕೆಲಸ. ಕೂಲಂಟ್ ಎಂದರೆ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ಶುದ್ಧ ನೀರು, ತುಕ್ಕು ತಡೆಯುವ ಔಷಧಿ ಸೇರಿದ ಮಿಶ್ರಣ. ಹೆಚ್ಚಾಗಿ ಅರ್ಧಕ್ಕರ್ಧ ನೀರು. ನೀರಿನ ಪಂಪು ಇದನ್ನು ಸುತ್ತಿಸುತ್ತದೆ. ಎಂಜಿನ್ ಕಾಯುವವರೆಗೆ ಥರ್ಮೋಸ್ಟಾಟ್ ಎಂಬ ಬಾಗಿಲು ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಕಾದ ಮೇಲೆ ತೆರೆಯುತ್ತದೆ.

ರೇಡಿಯೇಟರಿನ ಮುಚ್ಚಳವನ್ನು ಬರೀ ಮುಚ್ಚಳ ಎಂದುಕೊಳ್ಳಬೇಡಿ. ಅದು ನಿಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮೇಲೆ ಹತ್ತಿದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ಇನ್ನೂ ಬೇಗ ಕುದಿಯುತ್ತದೆ. ಊಟಿಯಲ್ಲಿ ಬೇಳೆ ಬೇಯಲು ತಡವಾಗುವುದು ಇದರಿಂದಲೇ. ಕುಕ್ಕರಿನಲ್ಲಿ ಒತ್ತಡ ಕಟ್ಟಿದಾಗ ನೀರು 120 ಡಿಗ್ರಿಯ ಹತ್ತಿರಕ್ಕೆ ಹೋದರೂ ಕುದಿಯದೆ ನಿಲ್ಲುತ್ತದೆ. ಕಾರಿನಲ್ಲಿಯೂ ಅದೇ ಉಪಾಯ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಆ ಒತ್ತಡದ ಅಳತೆ. ಆದ್ದರಿಂದಲೇ ಬಿಸಿ ಇರುವಾಗ ಮುಚ್ಚಳ ತೆಗೆದರೆ ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಮುಚ್ಚಳಕ್ಕೆ ಇನ್ನೊಂದು ಕೆಲಸವೂ ಉಂಟು. ಕಾದು ಉಬ್ಬಿದ ಕೂಲಂಟನ್ನು ಪಕ್ಕದ ಬಾಟಲಿಗೆ ಬಿಡುವುದು, ಎಂಜಿನ್ ಆರಿದಾಗ ಅದನ್ನು ಮತ್ತೆ ಒಳಕ್ಕೆ ಎಳೆಯಲು ಬಿಡುವುದು. ಈ ಎರಡನೆಯದಕ್ಕೆ ಮುಚ್ಚಳದ ನಡುವೆ ಒಂದು ಸಣ್ಣ ಕವಾಟವಿದೆ. ನಮ್ಮ ಕಾರಿನಲ್ಲಿ ಆ ಕವಾಟ ತುಕ್ಕು ಹಿಡಿದು ಅಂಟಿಕೊಂಡಿತ್ತು. ಹಾಗಾಗಿ ರೇಡಿಯೇಟರಿನಲ್ಲಿ ನೀರು ಕಡಿಮೆಯಾದರೂ ಬಾಟಲಿಯಿಂದ ಹನಿಯೂ ಒಳಕ್ಕೆ ಹೋಗುತ್ತಿರಲಿಲ್ಲ. ಬಾಟಲಿ ತುಂಬಿತ್ತು ಎಂದು ಹುಡುಗ ಹೇಳಿದ್ದು ಸತ್ಯವೇ. ರೇಡಿಯೇಟರ್ ಖಾಲಿಯಾಗಿತ್ತು ಎಂಬುದೂ ಸತ್ಯ. ಎರಡೂ ಒಟ್ಟಿಗೆ ಸತ್ಯವಾಗಿರಬಹುದು ಎಂದು ನಮಗೆ ಹೊಳೆಯಲಿಲ್ಲ.

ಮುಚ್ಚಳ ಬದಲಾಯಿಸಿದರೂ ನಿಲ್ಲಲಿಲ್ಲ

ಮರುದಿನವೇ ಹೊಸ ಮುಚ್ಚಳ ಹಾಕಿಸಿದೆವು. ಕೆಲಸ ಮುಗಿಯಿತು ಎಂದುಕೊಂಡೆವು. ವಾರ ಕಳೆಯುವಷ್ಟರಲ್ಲಿ ನೀರು ಮತ್ತೆ ಇಳಿದಿತ್ತು. ಕಾರಿನ ಶೆಡ್ಡಿನ ಸಿಮೆಂಟು ನೆಲದ ಮೇಲೆ ಒಂದು ಹನಿಯ ಗುರುತೂ ಇಲ್ಲ. ಪಟ್ಟಣದ ಒಂದು ದೊಡ್ಡ ಗ್ಯಾರೇಜಿಗೆ ತೆಗೆದುಕೊಂಡು ಹೋದೆವು. ಅಲ್ಲಿ ನಾವು ಹೋಗಿ ನಿಂತ ಕೂಡಲೇ, ಬಿಸಿ ಎಂಜಿನ್ನಿನ ಮೇಲೆಯೇ ಒತ್ತಡ ಪರೀಕ್ಷೆ ಮಾಡಿದರು. ಮುಳ್ಳು ಇಳಿಯಲಿಲ್ಲ. "ಹೊರಗೆ ಸೋರಿಕೆ ಇಲ್ಲ ಫಾದರ್. ಹಾಗಾದರೆ ಒಳಗೇ ಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು. 45,000 ರೂಪಾಯಿ ಆಗುತ್ತದೆ" ಎಂದರು.

ಪಾಲನಾ ಪರಿಷತ್ತಿನ ಸಭೆಯಲ್ಲಿ ಈ ಮಾತು ಬಂತು. ನಮ್ಮ ಧರ್ಮಕೇಂದ್ರಕ್ಕೆ ಅದು ಸಣ್ಣ ಮೊತ್ತವಲ್ಲ. ಮಕ್ಕಳ ಶಿಕ್ಷಣ ನಿಧಿಯಿಂದ ಸಾಲ ತೆಗೆಯೋಣ ಎಂಬ ಸಲಹೆಯೂ ಬಂತು. ಒಬ್ಬರು, "ಘಾಟಿಯಲ್ಲಿ ಜೋರಾಗಿ ಓಡಿಸಿ ಎಂಜಿನ್ ಕೆಡಿಸಿದ್ದಾನೆ" ಎಂದರು. ಹುಡುಗ ಬಾಗಿಲ ಹೊರಗೆ ನಿಂತಿದ್ದ. ನಾವು ಸುಮ್ಮನಿದ್ದೆವು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ತರ್ಕದ ತರಗತಿಯಲ್ಲಿ ಒಂದು ಪಾಠವಿತ್ತು: ಒಂದು ಸಂಗತಿಯ ನಂತರ ಬಂದದ್ದೆಲ್ಲ ಆ ಸಂಗತಿಯಿಂದಲೇ ಬಂದದ್ದಲ್ಲ. ಪರೀಕ್ಷೆಯಲ್ಲಿ ಅದಕ್ಕೆ ನಮಗೆ ಒಳ್ಳೆಯ ಅಂಕ ಬಂದಿತ್ತು. ಆದರೆ ಘಾಟಿ ಹತ್ತುವಾಗ ಕುದಿಯಿತು, ಆದ್ದರಿಂದ ಘಾಟಿ ಹತ್ತಿಸಿದವನದೇ ತಪ್ಪು ಎಂದು ಬದುಕಿನ ಪರೀಕ್ಷೆಯಲ್ಲಿ ಬರೆದುಬಿಟ್ಟೆವು.

ಆ ಭಾನುವಾರದಿಂದ ಹುಡುಗ ಗಾಯನ ತಂಡಕ್ಕೆ ಬರುವುದನ್ನು ನಿಲ್ಲಿಸಿದ. ಕೆಲಸ ಬಿಟ್ಟು ತಿರುಪ್ಪೂರಿಗೆ ಹೋಗುವ ಮಾತನಾಡುತ್ತಿದ್ದಾನೆ ಎಂದು ಅವನ ತಾಯಿ ಹೇಳಿದರು. ಕಾರಿನಿಂದ ನೀರು ಸೋರುತ್ತಿತ್ತು. ಧರ್ಮಕೇಂದ್ರದಿಂದ ಒಬ್ಬ ಹುಡುಗ ಸೋರಿಹೋಗುತ್ತಿದ್ದ. ನಾವು ನೀರನ್ನು ಮಾತ್ರ ಎಣಿಸುತ್ತಿದ್ದೆವು.

ಹುಡುಗನ ನೋಟ್ ಪುಸ್ತಕ

ಆದರೆ ಕೆಲಸದಲ್ಲಿ ಅವನು ಒಂದು ದಿನವೂ ತಪ್ಪಲಿಲ್ಲ. ಪ್ರತಿದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು, ಕತ್ತಿನ ತನಕ ತುಂಬಿಸಿ, ಎಷ್ಟು ಮಿಲಿಲೀಟರ್ ಹಿಡಿಯಿತು, ಹಿಂದಿನ ದಿನ ಎಷ್ಟು ಕಿಲೋಮೀಟರ್ ಓಡಿತು ಎಂದು ಒಂದು ಸಣ್ಣ ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದ. ನಾವು ಕೇಳಿರಲಿಲ್ಲ. ತನ್ನ ಮಾತನ್ನು ಯಾರೂ ನಂಬದಿದ್ದರೆ ಬರಹವನ್ನಾದರೂ ನಂಬಲಿ ಎಂದುಕೊಂಡನೋ ಏನೋ.

2024ರ ಜನವರಿಯಲ್ಲಿ ನಾವು ವಾರ್ಷಿಕ ಧ್ಯಾನಕೂಟಕ್ಕೆ ಹೋಗಿದ್ದಾಗ ಕಾರು ಎಂಟು ದಿನ ಶೆಡ್ಡಿನಲ್ಲೇ ನಿಂತಿತ್ತು. ಬಂದ ಮೇಲೆ, ಎಂಜಿನ್ ಬಿಚ್ಚಿಸುವ ಮುಂಚೆ ಇನ್ನೊಬ್ಬರಿಗೆ ತೋರಿಸೋಣ ಎಂದು ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆವು. ಅವರು ಸ್ಪ್ಯಾನರ್ ಮುಟ್ಟುವ ಮೊದಲು, "ಎಷ್ಟು ಹೋಗುತ್ತದೆ, ಯಾವಾಗ ಹೋಗುತ್ತದೆ?" ಎಂದು ಕೇಳಿದರು. ಹುಡುಗ ಜೇಬಿನಿಂದ ಪುಸ್ತಕ ತೆಗೆದು ಕೊಟ್ಟ.

ಅವರು ಕನ್ನಡಕ ಏರಿಸಿ ಓದಿದರು. ಘಾಟಿ ಇಳಿದು ಹತ್ತಿದ, 380 ಕಿಲೋಮೀಟರ್ ಓಡಿದ ವಾರ: ಸುಮಾರು 320 ಮಿಲಿಲೀಟರ್. ಊರೊಳಗೇ 90 ಕಿಲೋಮೀಟರ್ ಓಡಿದ ವಾರ: 310. ಒಂದು ಕಿಲೋಮೀಟರೂ ಓಡದ ಆ ಎಂಟು ದಿನ: 350. ಪುಸ್ತಕ ಮುಚ್ಚಿ ಅವರು ಹೇಳಿದರು: "ಫಾದರ್, ಇದು ಓಡಿದ್ದಕ್ಕೆ ಹೋಗುತ್ತಿಲ್ಲ, ನಿಂತಿದ್ದಕ್ಕೆ ಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ ಓಡಿದಷ್ಟೂ ನೀರು ಹೆಚ್ಚು ಹೋಗಬೇಕು. ಗಾಡಿ ಇಲ್ಲೇ ಇರಲಿ. ನಾಳೆ ಮಂಜಿನ ಹೊತ್ತಿಗೆ ನೋಡುತ್ತೇನೆ."

ಮರುದಿನ ಬೆಳಿಗ್ಗೆ ಆರು ಗಂಟೆಗೆ, ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಎಂಜಿನ್ನಿಗೆ ಅವರು ಕೈಪಂಪಿನಿಂದ ಒತ್ತಡ ಕೊಟ್ಟರು. ಮುಚ್ಚಳದ ಮೇಲೆ ಬರೆದ ಅಳತೆಯನ್ನು ಮೀರಲಿಲ್ಲ. ಹದಿನೈದು ನಿಮಿಷದಲ್ಲಿ ಮುಳ್ಳು 0.9ರಿಂದ 0.6ಕ್ಕೆ ಇಳಿಯಿತು. ಎಂಜಿನ್ನಿನ ಅಡಿಯಲ್ಲಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿದರು. ಅದರಲ್ಲಿ ಧೂಳು, ಒಣಗಿದ ಎಲೆ, ಹಳೆಯ ಎಣ್ಣೆ ಸೇರಿ ಮೆತ್ತೆಯಂತಾಗಿತ್ತು. ಬಿದ್ದ ಹನಿಗಳನ್ನೆಲ್ಲ ಆ ಮೆತ್ತೆ ಕುಡಿಯುತ್ತಿತ್ತು. ಆಮೇಲೆ ಗಾಡಿ ಓಡಿದಾಗ ಬಿಸಿಗೆ ಒಣಗಿಹೋಗುತ್ತಿತ್ತು. ನೆಲಕ್ಕೆ ಬಿದ್ದರೆ ತಾನೇ ನಮಗೆ ಕಾಣುವುದು?

ಎಂಜಿನ್ನಿನ ಹಿಂಬದಿಯಲ್ಲಿ, ಹೀಟರಿನಿಂದ ಮರಳಿ ಬರುವ ರಬ್ಬರ್ ಹೋಸ್ ಒಂದು ಕಬ್ಬಿಣದ ಕೊಳವೆಗೆ ಸೇರುವ ಜಾಗದಲ್ಲಿ, ಉಪ್ಪು ಕಟ್ಟಿದಂತೆ ತೆಳ್ಳಗೆ ಬಿಳಿಯ ಹೊಪ್ಪಳೆ ಇತ್ತು. ಟಾರ್ಚ್ ಹಿಡಿದು ನೋಡುತ್ತಿದ್ದಂತೆ ಒಂದು ಹನಿ ಮೂಡಿತು. ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿದ್ದರಿಂದ ಕೊಳವೆಯ ತುದಿ ತುಕ್ಕು ತಿಂದು ತರಿತರಿಯಾಗಿತ್ತು. ಹೋಸಿನ ತುದಿ ಗಟ್ಟಿಯಾಗಿತ್ತು, ಕ್ಲಿಪ್ ಬಿಗಿ ಕಳೆದುಕೊಂಡಿತ್ತು. ಬಿಸಿಯಾದಾಗ ಎಲ್ಲವೂ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತಿತ್ತು. ಆದ್ದರಿಂದಲೇ ಬಿಸಿ ಎಂಜಿನ್ನಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ತಣ್ಣಗಾದಾಗ ಕುಗ್ಗಿ ಸಂದಿ ತೆರೆಯುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಹನಿಯುತ್ತಿತ್ತು.

ಸಂಶಯ ಉಳಿಯದಿರಲಿ ಎಂದು ಅವರು ಹೆಡ್ ಗ್ಯಾಸ್ಕೆಟನ್ನೂ ಪರೀಕ್ಷಿಸಿದರು. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಪರೀಕ್ಷೆ ಅದು. ಎಂಜಿನ್ನಿನ ಹೊಗೆ ನೀರಿಗೆ ಸೇರುತ್ತಿದ್ದರೆ ನೀಲಿ ಬಣ್ಣ ಬದಲಾಗುತ್ತದೆ. ನೀಲಿ ನೀಲಿಯಾಗಿಯೇ ಉಳಿಯಿತು. ಕೊಳವೆಯ ತುದಿಯನ್ನು ಎಮರಿ ಕಾಗದದಿಂದ ಉಜ್ಜಿ ನುಣುಪು ಮಾಡಿ, ಹೊಸ ಹೋಸ್, ಹೊಸ ತಿರುಪು ಕ್ಲಿಪ್ ಹಾಕಿದರು. ಹಳೆಯ ನೀರನ್ನೆಲ್ಲ ಬಸಿದು ತೊಳೆದು, ಹೊಸ ಕೂಲಂಟ್ ತುಂಬಿ, ಹೀಟರ್ ತೆರೆದಿಟ್ಟು ಒಳಗಿನ ಗಾಳಿಯನ್ನು ಹೊರಗೆ ಬಿಟ್ಟರು. ಎಲ್ಲ ಸೇರಿ 2,000 ರೂಪಾಯಿಯೂ ಆಗಲಿಲ್ಲ. ಆಮೇಲೆ ಹುಡುಗನ ಪುಸ್ತಕದಲ್ಲಿ ದಿನವೂ ಒಂದೇ ಅಂಕಿ: ಸೊನ್ನೆ.

ನಿಮ್ಮ ಗಾಡಿಗೆ

ಪಿಕಪ್ ಇರುವ ಆ ತಾಯಿಗೂ ಉಳಿದವರಿಗೂ ನಾವು ಹೇಳುವುದು ಇಷ್ಟು.

ಬಾಟಲಿಯನ್ನು ಮಾತ್ರ ನೋಡಿ ತೃಪ್ತರಾಗಬೇಡಿ. ಗಾಡಿಯಲ್ಲಿ ಬೇರೆ ರೇಡಿಯೇಟರ್ ಮುಚ್ಚಳ ಇದ್ದರೆ, ಪೂರ್ತಿ ತಣ್ಣಗಿರುವಾಗ ಅದನ್ನು ತೆಗೆದು ನೋಡಿ. ಬಿಸಿ ಇರುವಾಗ ಎಂದಿಗೂ ಬೇಡ.

ಎಷ್ಟು ತುಂಬಿಸಿದಿರಿ, ಎಷ್ಟು ಓಡಿತು, ಎಷ್ಟು ದಿನ ನಿಂತಿತ್ತು ಎಂದು ಬರೆದಿಡಿ. ಓಡಿದಷ್ಟೂ ಹೆಚ್ಚು ಹೋದರೆ ಒಂದು ದಾರಿ, ನಿಂತಾಗಲೂ ಹೋದರೆ ಇನ್ನೊಂದು ದಾರಿ.

ರಾತ್ರಿ ಗಾಡಿಯ ಅಡಿಯಲ್ಲಿ ಹಳೆಯ ರಟ್ಟು ಹಾಸಿ ನೋಡಿ. ಅಡಿಯಲ್ಲಿ ತಟ್ಟೆ ಇದ್ದರೆ ಅದನ್ನು ಬಿಚ್ಚಿಸಿಯೇ ನೋಡಬೇಕು. ಹೋಸ್‌ಗಳ ತುದಿ, ರೇಡಿಯೇಟರಿನ ಅಂಚು, ನೀರಿನ ಪಂಪಿನ ಅಡಿಯ ಸಣ್ಣ ತೂತು, ಇಲ್ಲೆಲ್ಲ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹೊಪ್ಪಳೆ ಇದ್ದರೆ ಅದೇ ಸೋರಿಕೆಯ ಹೆಜ್ಜೆಗುರುತು.

ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ, ಗಾಜಿಗೆ ಜಿಡ್ಡಿನ ಮಂಜು ಹಿಡಿದು, ಸಿಹಿ ವಾಸನೆ ಬಂದರೆ ಒಳಗಿನ ಹೀಟರ್ ಸೋರುತ್ತಿರಬಹುದು.

ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ, ಎಂಜಿನ್ ಓಡುವಾಗ ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ ಸಂಶಯ ಪಡಬೇಕು. ಹಾಗಿದ್ದರೆ ಓಡಿಸಬೇಡಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಹೊಗೆಯನ್ನು ತಣಿಸುವ ಈಜಿಆರ್ ಕೂಲರ್ ಕೂಡ ಒಳಗೇ ಸೋರುವುದುಂಟು.

ಒತ್ತಡ ಪರೀಕ್ಷೆಯನ್ನು ಬಿಸಿ ಇರುವಾಗ ಒಮ್ಮೆ, ಬೆಳಗಿನ ತಣ್ಣಗಿನಲ್ಲಿ ಒಮ್ಮೆ ಮಾಡಿಸಿ. ಇದನ್ನು ಮಾಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಸೋರಿಕೆ ನಿಲ್ಲಿಸುವ ಪುಡಿಯನ್ನು ಸುಮ್ಮನೆ ಸುರಿಯಬೇಡಿ. ಅದು ರೇಡಿಯೇಟರಿನ ಸಣ್ಣ ದಾರಿಗಳನ್ನೂ ಕಟ್ಟಿಬಿಡಬಹುದು. ಬೋರ್‌ವೆಲ್ ನೀರು ಆಪತ್ತಿಗೆ ಸರಿ, ನಿತ್ಯಕ್ಕೆ ಬೇಡ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ.

ದಾರಿಯಲ್ಲಿ ಕುದಿದರೆ ಗಾಡಿ ನಿಲ್ಲಿಸಿ, ಆರಿಸಿ, ಕಾಯಿರಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳಬಹುದು.

ಕೂಲಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ಮೂತ್ರಪಿಂಡವನ್ನು ಕೆಡಿಸುತ್ತದೆ. ಮಕ್ಕಳಿಗೆ, ನಾಯಿಗೆ, ದನಕ್ಕೆ ಸಿಗುವಂತೆ ಇಡಬೇಡಿ. ತಂಪು ಪಾನೀಯದ ಬಾಟಲಿಯಲ್ಲಂತೂ ಖಂಡಿತ ತುಂಬಿಡಬೇಡಿ.

ತಣ್ಣಗಿನ ಹೊತ್ತು

ಪ್ರಿಯರೇ, ಘಾಟಿಯಲ್ಲಿ ಕುದಿಯಿತು ಎಂದು ನಾವು ಘಾಟಿಯನ್ನೇ ದೂರಿದೆವು. ಆದರೆ ನೀರು ಹೋದದ್ದು ಘಾಟಿಯಲ್ಲಲ್ಲ, ಶೆಡ್ಡಿನಲ್ಲಿ. ಘಾಟಿ ಅದನ್ನು ಬಯಲು ಮಾಡಿತು, ಅಷ್ಟೆ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಮಗಳ ಮದುವೆಯ ಹೊತ್ತಿಗೋ, ಕಾಯಿಲೆಯ ಹೊತ್ತಿಗೋ, ಜಮೀನು ಪಾಲಾಗುವ ಹೊತ್ತಿಗೋ ಅಣ್ಣತಮ್ಮಂದಿರ ನಡುವೆ, ಗಂಡ ಹೆಂಡಿರ ನಡುವೆ ಒಮ್ಮೆಲೇ ಕುದಿಯುತ್ತದೆ. ಆ ದಿನದ ಮಾತನ್ನು ಹಿಡಿದು ಜಗಳವಾಡುತ್ತೇವೆ. ಆದರೆ ಪ್ರೀತಿ ಹನಿಹನಿಯಾಗಿ ಹೋದದ್ದು ಅದಕ್ಕೂ ಎಷ್ಟೋ ಹಿಂದೆ, ಏನೂ ತೊಂದರೆ ಇಲ್ಲದ ತಣ್ಣಗಿನ ದಿನಗಳಲ್ಲಿ: ಒಟ್ಟಿಗೆ ಜಪಸರ ಹೇಳದೆ ಮಲಗಿದ ರಾತ್ರಿಗಳಲ್ಲಿ, ಕೇಳಿದ್ದಕ್ಕೆ ಉತ್ತರಿಸದೆ ಎದ್ದುಹೋದ ಊಟಗಳಲ್ಲಿ. ಪ್ರಭು ಹೇಳಿದ ಹತ್ತು ಕನ್ಯೆಯರ ಸಾಮತಿಯಲ್ಲಿಯೂ ಎಣ್ಣೆಯ ಕೊರತೆ ಗೊತ್ತಾದದ್ದು ನಡುರಾತ್ರಿಯಲ್ಲಿ. ಕೊರತೆ ಶುರುವಾದದ್ದು ಮನೆಯಿಂದ ಹೊರಡುವಾಗಲೇ.

ಇನ್ನೊಂದು ಮಾತು. ಸೋರಿಕೆ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ತಪ್ಪು ಯಾರದು ಎಂದು ನಾವು ತೀರ್ಮಾನಿಸಿದ್ದೆವು. ಹತ್ತಿರ ಸಿಕ್ಕವನು, ಎದುರು ಮಾತನಾಡಲಾಗದವನು, ಆ ಹುಡುಗ. 2024ರ ವಿಭೂತಿ ಬುಧವಾರದಂದು ಬೇರೆಯವರ ಹಣೆಗೆ ಬೂದಿ ಹಚ್ಚುವಾಗ ನಮ್ಮ ಕೈ ತಡೆಯಿತು. ಸಂಜೆ ಹುಡುಗನನ್ನು ಕರೆದುಕೊಂಡು ಆ ಅಜ್ಜನ ಮನೆಗೆ ಹೋದೆವು. ಯಾರ ಮುಂದೆ ಗದರಿಸಿದ್ದೆವೋ ಅವರ ಮುಂದೆಯೇ ಅವನ ಕ್ಷಮೆ ಕೇಳಿದೆವು. ಮುಂದಿನ ಪರಿಷತ್ ಸಭೆಯಲ್ಲಿಯೂ ಆ ನೋಟ್ ಪುಸ್ತಕವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆವು. ಗುಟ್ಟಾಗಿ ಕ್ಷಮೆ ಕೇಳುವುದು ನಮಗೆ ಸುಲಭವಾಗುತ್ತಿತ್ತು. ಆದರೆ ಅವಮಾನವಾದದ್ದು ಗುಟ್ಟಾಗಿ ಅಲ್ಲವಲ್ಲ.

ಹುಡುಗ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಅಜ್ಜ ಮಾತ್ರ ಮಂಚದಿಂದಲೇ, "ನಾ ಅವತ್ತೇ ಅಂದ್ನಲ್ಲ ಸ್ವಾಮಿ, ಹೈದ ನೋಡ್ದ ಅಂತ" ಎಂದು ನಕ್ಕರು. ತಪಸ್ಸುಕಾಲದ ಎರಡನೆಯ ಭಾನುವಾರ ಗಾಯನ ತಂಡದಲ್ಲಿ ಆ ದನಿ ಮತ್ತೆ ಕೇಳಿಸಿತು.

ಈ ತಿಂಗಳು ನಿಮ್ಮ ಗಾಡಿಯ ನೀರನ್ನು ಬೆಳಿಗ್ಗೆ, ತಣ್ಣಗಿರುವಾಗ, ಒಮ್ಮೆ ನೋಡಿ. ಹಾಗೆಯೇ, ಮನೆಯಲ್ಲಿ ಯಾರಾದರೂ "ನಾನು ನೋಡಿದ್ದೆ" ಎಂದು ಹೇಳಿದ್ದನ್ನು ನೀವು ನಂಬದೆ ಬಿಟ್ಟದ್ದುಂಟೇ ಎಂದು ರಾತ್ರಿಯ ಪ್ರಾರ್ಥನೆಯ ಹೊತ್ತಿನಲ್ಲಿ ನೆನಪು ಮಾಡಿಕೊಳ್ಳಿ. ಇದ್ದರೆ, ಅದು ಕುದಿಯುವ ತನಕ ಕಾಯಬೇಡಿ.

ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ, ನಿಮ್ಮ ದಾರಿಗಳನ್ನೂ ಕಾಪಾಡಲಿ.